ಸೌದಿ ಎಣ್ಣೆ ಮುಗಿಯೋ ಚಿಂತೆ ಬಿಡಿ, ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತೆ ಅದನ್ನ ಕೇಳಿ

ರಿಯಾದ್‌ನಲ್ಲಿ ಸರ್ಕಾರಿ ಪ್ರಾಜೆಕ್ಟ್ ಒಂದಕ್ಕೆ ಆಫರ್ ಬಂದಿದೆ, ಎಣ್ಣೆ ಮುಗಿದ್ರೆ ಸೌದಿ ಗತಿ ಏನು, ಆ ಸಂಬಳ ನಂಬ್ಕೊಂಡು ಊರಲ್ಲಿ ಮನೆ ಲೋನ್ ಮಾಡ್ಬಹುದಾ ಅಂತ ಕೇಳಿದೀರ. ನಾನು 2011ರಲ್ಲಿ ಇದೇ ಲೆಕ್ಕ ಹಾಕ್ಕೊಂಡು ವಿಮಾನ ಹತ್ತಿದವನು, 2016ರಲ್ಲಿ ಏಳು ತಿಂಗಳ ಸಂಬಳ ಅಲ್ಲೇ ಬಿಟ್ಟು ವಾಪಸ್ ಬಂದವನು.

ನಮ್ಮೂರು ಮಲೇಬೆನ್ನೂರು ಕಡೆ, ಭದ್ರಾ ನಾಲೆ ಕೊನೆ ಭಾಗ. ಡ್ಯಾಂ ತುಂಬ್ತು ಅಂತ ಪೇಪರ್‌ನಲ್ಲಿ ಫೋಟೋ ಬಂದ್ರೂ ನಮ್ಮಪ್ಪ ಭತ್ತ ನೆನೆ ಹಾಕ್ತಿರ್ಲಿಲ್ಲ, ಸೈಕಲ್ ತಗೊಂಡು ನಾಲೆ ಹತ್ರ ಹೋಗಿ ನೀರು ಎಷ್ಟೆತ್ತರಕ್ಕೆ ಬರ್ತಿದೆ ಅಂತ ಕಣ್ಣಾರೆ ನೋಡ್ಕೊಂಡು ಬಂದ್ಮೇಲೇನೇ ಮುಂದಿನ ಮಾತು. ಆ ಮನೇಲಿ ಹುಟ್ಟಿದ ನಾನು ಸೌದಿಯಲ್ಲಿ ಬರೀ ಡ್ಯಾಂ ನೋಡ್ದೆ, ನಾಲೆ ನೋಡ್ಲಿಲ್ಲ.

ನಾನು ಕ್ವಾಂಟಿಟಿ ಸರ್ವೇಯರ್. ತಿಂಗಳಿಗೊಂದ್ಸಲ ಸೈಟಲ್ಲಿ ಆಗಿರೋ ಕೆಲ್ಸ ಅಳೆದು ಬಿಲ್ ಮಾಡೋದು, ಕನ್ಸಲ್ಟೆಂಟ್ ಸಹಿ ಹಾಕಿದ್ಮೇಲೆ ಅದು ಮಿನಿಸ್ಟ್ರಿಗೆ ಹೋಗೋದು, ಎರಡು ತಿಂಗಳೊಳಗೆ ದುಡ್ಡು ಬರೋದು, ಹೀಗೇ ನಡೀತಿತ್ತು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 110 ಡಾಲರ್ ಮೇಲಿದ್ದ ಕಚ್ಚಾ ಎಣ್ಣೆ ರೇಟು 2016ರ ಜನವರಿಗೆ 30ಕ್ಕಿಂತ ಕೆಳಗೆ ಬಿತ್ತು. ನನ್ನ ಟೇಬಲ್ ಮೇಲೆ ಒಂದು ಹಸಿರು ಫೈಲ್ ಇತ್ತು, ಅದರ ಮೊದಲ ಹಾಳೇಲಿ ಬಿಲ್ ನಂಬರ್, ಸಹಿ ಆದ ತಾರೀಖು, ದುಡ್ಡು ಬಂದ ತಾರೀಖು ಅಂತ ಮೂರು ಕಾಲಂ. 2015ರ ನವೆಂಬರ್ ಹೊತ್ತಿಗೆ ಮೂರನೇ ಕಾಲಂನಲ್ಲಿ ಐದು ಮನೆ ಖಾಲಿ, ಅಂದ್ರೆ ಐದು ಬಿಲ್‌ನ ದುಡ್ಡು ಬಂದಿರ್ಲಿಲ್ಲ. ಆ ಹಾಳೆ ತುಂಬ್ತಿದ್ದಿದ್ದು ನಾನೇ, ನನ್ನ ಕೈಬರಹದಲ್ಲೇ.

ಅದೇ ತಿಂಗಳು ನನ್ನ ರೂಮ್‌ಮೇಟ್, ಧಾರವಾಡ ಕಡೆಯವನು, ದಮ್ಮಾಮ್ ಹತ್ರ ಸಮುದ್ರದ ನೀರನ್ನ ಸಿಹಿನೀರು ಮಾಡೋ ಪ್ಲಾಂಟ್ ಒಂದ್ರ ಮೇಂಟೆನೆನ್ಸ್ ಕಂಪನಿಗೆ ಹೊರಟ, ನಂಗೂ ಮಾತಾಡಿದ್ದ, ಸಂಬಳ ಮಾತ್ರ 900 ರಿಯಾಲ್ ಕಮ್ಮಿ. "ಬಾರೋ, ಈಗ್ಲಾದ್ರೆ ಕಫೀಲ್ ರಿಲೀಸ್ ಕೊಡ್ತಾನ" ಅಂದ. ಕಫೀಲ್ ಅಂದ್ರೆ ವೀಸಾ ಕೊಟ್ಟು ಕರೆಸ್ಕೊಂಡ ಮಾಲೀಕ, ಅವನು ಒಪ್ಪದೆ ಕಂಪನಿ ಬದಲಾಯಿಸೋ ಹಾಗಿರ್ಲಿಲ್ಲ. ನಾನು ಹೋಗ್ಲಿಲ್ಲ. ಯಾಕೆ ಹೋಗ್ಲಿಲ್ಲ ಅಂತ ನಿಮಗೆ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಿಮ್ಮ ಪ್ರಶ್ನೆ ಒಳಗೂ ಅದೇ ತಪ್ಪು ಕೂತಿದೆ. ನೆಲದಡಿ 26,000 ಕೋಟಿ ಬ್ಯಾರೆಲ್‌ಗಿಂತ ಜಾಸ್ತಿ ಎಣ್ಣೆ ಇದೆ, ಸೆಂಟ್ರಲ್ ಬ್ಯಾಂಕಲ್ಲಿ ಒಂದು ಕಾಲಕ್ಕೆ 70,000 ಕೋಟಿ ಡಾಲರ್ ಮೀರಿ ಇತ್ತು, ಪ್ರಾಜೆಕ್ಟ್ ಸರ್ಕಾರದ್ದು, ಹಂಗಂದ್ಮೇಲೆ ನನ್ನ 6,500 ರಿಯಾಲ್ ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ. ಆದ್ರೆ ನಂಗೆ ಸಂಬಳ ಕೊಡ್ತಿದ್ದಿದ್ದು ರಾಜ ಅಲ್ಲ, ಸರ್ಕಾರದಿಂದ ಮೇನ್ ಕಾಂಟ್ರಾಕ್ಟರ್, ಅವನಿಂದ ಸಬ್ ಕಾಂಟ್ರಾಕ್ಟರ್, ಅವನಿಂದ ನಾನು. ದೇಶ ಶ್ರೀಮಂತ ಅನ್ನೋದೂ ನನ್ನ ಕಂಪನಿ ಖಾತೇಲಿ ಈ ತಿಂಗಳು ದುಡ್ಡಿದೆ ಅನ್ನೋದೂ ಎರಡೂ ಒಂದೇ ಅಂತ ತಿಳ್ಕೊಂಡಿದ್ದೇ ನನ್ನ ತಪ್ಪು. ಖಾಲಿ ಕಾಲಂ ಕಣ್ಣೆದುರಿಗೆ ಇದ್ರೂ ಆ ದೊಡ್ಡ ಸಂಖ್ಯೆಗಳನ್ನೇ ನಂಬಿದೆ.

ಜನವರಿಯಿಂದ ಸಂಬಳ ನಿಂತೇ ಹೋಯ್ತು. ಮಾರ್ಚ್‌ನಲ್ಲಿ ಇಕಾಮಾ, ಅಂದ್ರೆ ಅಲ್ಲಿರೋಕೆ ಕೊಡೋ ಪರ್ಮಿಟ್, ಮುಗೀತು, ಕಂಪನಿ ರಿನ್ಯೂ ಮಾಡಿಸ್ಲಿಲ್ಲ, ಅದಿಲ್ದೆ ಬೇರೆ ಕಡೆ ಕೆಲ್ಸಕ್ಕೂ ಸೇರೋ ಹಾಗಿಲ್ಲ, ಊರಿಗೂ ಬರೋ ಹಾಗಿಲ್ಲ. ಮೆಸ್‌ನಲ್ಲಿ ಮೊದಲು ಚಿಕನ್ ನಿಂತೋಯ್ತು, ಆಮೇಲೆ ಬೇಳೆ ನೀರಾಯ್ತು. ಇಲ್ಲಿ ದಾವಣಗೆರೇಲಿ ತಿಂಗಳಿಗೆ 31,000 ಇಎಂಐ, ನನ್ನ ಹೆಂಡತಿ ಎರಡೆಳೆ ಸರ ಅಡ ಇಟ್ಟಿದ್ದು ನಂಗೆ ಗೊತ್ತಾಗಿದ್ದು ವಾಪಸ್ ಬಂದ್ಮೇಲೆ. ಆ ವರ್ಷ ಆಗಸ್ಟಲ್ಲಿ ಕ್ಯಾಂಪ್‌ಗಳಲ್ಲಿ ಸಿಕ್ಕಿಹಾಕ್ಕೊಂಡಿದ್ದ ಸಾವಿರಾರು ಜನರಿಗೋಸ್ಕರ ಆಗಿನ ನಮ್ಮ ವಿದೇಶಾಂಗ ರಾಜ್ಯ ಮಂತ್ರಿ ವಿ.ಕೆ. ಸಿಂಗ್ ಜೆಡ್ಡಾಗೆ ಹೋಗಿದ್ದು ನಿಮಗೆ ನೆನಪಿರ್ಬಹುದು. ನಾನು ಸೆಪ್ಟೆಂಬರ್‌ನಲ್ಲಿ ಬಂದೆ. ಬಾಕಿಯಲ್ಲಿ ಇವತ್ತಿನವರೆಗೂ ಕೈಗೆ ಸಿಕ್ಕಿದ್ದು ಅರ್ಧಕ್ಕಿಂತ ಕಮ್ಮಿ.

ಹಾಗಾಗಿ ಎಣ್ಣೆ ಮುಗಿದ್ರೆ ಅನ್ನೋ ಪ್ರಶ್ನೇನ ನಾನು ಒಪ್ಪಲ್ಲ. ನೀವು ರಿಟೈರ್ ಆಗೋವರೆಗೂ ಅದು ಮುಗಿಯಲ್ಲ. ರೇಟು ಬಿದ್ದಾಗ ಯಾರ ತೂಬು ಮೊದಲು ಮುಚ್ತಾರೆ, ಅದನ್ನ ನೋಡಿ. ಅಲ್ಲಿನ ಜನ ಇನ್‌ಕಮ್ ಟ್ಯಾಕ್ಸ್ ಕಟ್ಟಲ್ಲ, ಸರ್ಕಾರಿ ಕೆಲ್ಸ, ಸಬ್ಸಿಡಿ ಕೊಟ್ಟು ಅವರನ್ನ ಚೆನ್ನಾಗಿಟ್ಕೊಳ್ಳೋದೇ ಆ ರಾಜಮನೆತನದ ಬಲ. 2016ರ ಸೆಪ್ಟೆಂಬರ್‌ನಲ್ಲಿ ಮಂತ್ರಿಗಳ ಸಂಬಳ 20% ಇಳಿಸಿ ಸರ್ಕಾರಿ ನೌಕರರ ಭತ್ಯೆಗೂ ಕತ್ತರಿ ಹಾಕಿದ್ರು, 2017ರ ಏಪ್ರಿಲ್‌ಗೆಲ್ಲ ಆ ಭತ್ಯೆ ವಾಪಸ್ ಕೊಟ್ರು. ಸ್ವಂತ ಪ್ರಜೆಗಳ ಮೇಲೆ ಕತ್ತರಿ ಏಳು ತಿಂಗಳೂ ನಿಲ್ಲಲ್ಲ ಅಂದ್ಮೇಲೆ ಏಟು ಬೀಳೋದು ಕಟ್ಟಡ ಕಟ್ಟೋರ ಬಿಲ್ ಮೇಲೇನೇ.

ಬದಲಾಗಿಲ್ಲ ಅಂತಲ್ಲ, ತುಂಬಾ ಬದಲಾಗಿದೆ. ಇಲ್ಲದೇ ಇದ್ದ ವ್ಯಾಟ್ 2018ರಲ್ಲಿ 5% ಬಂತು, 2020ರ ಜುಲೈಗೆ 15% ಆಯ್ತು. ಹೆಂಗಸರಲ್ಲಿ 30% ಜನ ದುಡಿಮೆಗೆ ಬರ್ಬೇಕು ಅಂತ 2030ಕ್ಕೆ ಇಟ್ಕೊಂಡಿದ್ದ ಗುರಿಯನ್ನ ಎಷ್ಟೋ ವರ್ಷ ಮೊದಲೇ ದಾಟಿದ್ರು, ಅದನ್ನ ನಾನು ಮನಸಾರೆ ಮೆಚ್ಕೊಳ್ತೀನಿ. ಆದ್ರೂ 2024ರಲ್ಲೂ ಸರ್ಕಾರದ ಆದಾಯದಲ್ಲಿ ಸುಮಾರು 60% ಎಣ್ಣೇದೇ ಆಗಿತ್ತು. ಆ ವರ್ಷ ಬ್ಯಾರೆಲ್ 80 ಡಾಲರ್ ಆಸುಪಾಸಲ್ಲಿದ್ರೂ ಬಜೆಟ್ 11,500 ಕೋಟಿ ರಿಯಾಲ್ ಕೊರತೆ. ಅಲ್ಲಿನ ಸರ್ಕಾರಿ ಎಣ್ಣೆ ಕಂಪನಿ ಅರಾಮ್ಕೊ ಷೇರುದಾರರಿಗೆ ಹಂಚೋ ಲಾಭ, ಅಂದ್ರೆ ಡಿವಿಡೆಂಡ್, ಆ ವರ್ಷ 12,400 ಕೋಟಿ ಡಾಲರ್, 2025ಕ್ಕೆ ಸುಮಾರು 8,500 ಕೋಟಿ ಅಂತ ಅವರೇ ಹೇಳಿದ್ರು. ಅದರ ಬಹುಪಾಲು ಸರ್ಕಾರಕ್ಕೇ ಹೋಗೋದು, ಅಂದ್ರೆ ನಾಲೆ ಮೊದಲನೇ ತೂಬಲ್ಲೇ ನೀರು ಇಳಿದಿದೆ. 2030ರ ಎಕ್ಸ್‌ಪೋ, 2034ರ ಫುಟ್‌ಬಾಲ್ ವರ್ಲ್ಡ್ ಕಪ್‌ಗೆ ತಾರೀಖು ಫಿಕ್ಸ್ ಆಗಿದೆ, ಆ ಕೆಲ್ಸಗಳಿಗೆ ದುಡ್ಡು ಬಿಡ್ಲೇಬೇಕು, ತಾರೀಖಿಲ್ಲದ ಪ್ರಾಜೆಕ್ಟ್‌ಗಳೇ ಕಾಯೋದು ಅನ್ನೋದು ನನ್ನ ಅಂದಾಜು.

ಹೋಗ್ಬೇಡಿ ಅಂತ ಹೇಳಲ್ಲ, ಲೋನ್ ಮಾತ್ರ ಬೇಡ. ಊರಲ್ಲೇ ದುಡಿದ್ರೆ ಕಟ್ಟೋಕಾಗದೇ ಇರೋ ಇಎಂಐನ ಸೌದಿ ಸಂಬಳ ನಂಬಿ ಮಾಡ್ಲೇಬೇಡಿ. ಆಯ್ಕೆ ಇದ್ರೆ ನೀರು, ಕರೆಂಟು, ಆಸ್ಪತ್ರೆ ಮೇಂಟೆನೆನ್ಸ್ ಕೆಲ್ಸ ಹಿಡೀರಿ, ಅದನ್ನ ಯಾವ ರಾಜನೂ ನಿಲ್ಲಿಸೋಕಾಗಲ್ಲ. ಫ್ಯಾಮಿಲಿ ಕರ್ಕೊಂಡು ಹೋಗೋದಾದ್ರೆ ತಲೆಗೆ ತಿಂಗಳಿಗೆ 400 ರಿಯಾಲ್ ಲೆವಿ (ಸರ್ಕಾರಕ್ಕೆ ಕಟ್ಟೋ ಶುಲ್ಕ), ಹೆಂಡತಿ ಇಬ್ರು ಮಕ್ಕಳು ಅಂದ್ರೆ ವರ್ಷಕ್ಕೆ 14,400, ಅದನ್ನ ಮೊದಲೇ ಕಳೆದು ಲೆಕ್ಕ ಹಾಕಿ. 2021ರ ಮಾರ್ಚ್‌ನಿಂದ ಒಂದು ವರ್ಷ ಕೆಲ್ಸ ಮಾಡಿದ್ಮೇಲೆ ಮಾಲೀಕನ ಒಪ್ಪಿಗೆ ಇಲ್ದೇನೂ ಬೇರೆ ಕಂಪನಿಗೆ ಹೋಗ್ಬಹುದು, ನಮ್ಮ ಕಾಲಕ್ಕೆ ಅದಿರ್ಲಿಲ್ಲ. ಸಂಬಳ ಎರಡು ತಿಂಗಳು ಲೇಟಾದ್ರೆ ಮೂರನೇ ತಿಂಗಳು ಕಾಯ್ಬೇಡಿ.

ಸಹಿ ಹಾಕೋಕೆ ಮುಂಚೆ ಅದೇ ಕಂಪನೀಲಿ ಕೆಲ್ಸ ಮಾಡ್ತಿರೋ ಒಬ್ಬರನ್ನ ಹುಡುಕಿ ಫೋನ್ ಮಾಡಿ. ಮ್ಯಾನೇಜರ್ ಬೇಡ, ಸ್ಟೋರ್‌ಕೀಪರೋ ಫೋರ್‌ಮನ್ನೋ ಆಗ್ಲಿ. ಹೋದ ಮೂರು ತಿಂಗಳು ಸಂಬಳ ಯಾವ್ಯಾವ ತಾರೀಖಿಗೆ ಬಂತು ಅಂತ ಕೇಳಿ, ಬರ್ಕೊಳ್ಳಿ.