ಹಳೆಯ ಬೈಕ್ ಎಂಜಿನ್ ಕೈಯಲ್ಲಿದೆ, ಮಣ್ಣಿನ ದಾರಿಗೆ ಗೋ ಕಾರ್ಟ್ ಕಟ್ಟಬೇಕು: ಎಲ್ಲಿಂದ ಆರಂಭಿಸಲಿ?

ಗುಜರಿಯಿಂದ ತಂದ 150 ಸಿಸಿ ಬೈಕ್ ಎಂಜಿನ್ ತಮ್ಮ ಬಳಿ ಇದೆ, ರಾಜಾಜಿನಗರದಲ್ಲಿ ಪರಿಚಯದ ವೆಲ್ಡಿಂಗ್ ಅಂಗಡಿಯಿದೆ, ಓಡಿಸುವುದಕ್ಕೆ ಕನಕಪುರದ ಕಡೆ ಸಂಬಂಧಿಕರ ಜಮೀನಿದೆ. ಇಷ್ಟನ್ನು ಹೇಳಿ, ಆ ಎಂಜಿನ್ನಿನ ಸುತ್ತ ಫ್ರೇಮನ್ನು ಹೇಗೆ ಕಟ್ಟಬೇಕು, ಸಸ್ಪೆನ್ಷನ್ನನ್ನು ಆಮೇಲೆ ಸೇರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಆ ಎಂಜಿನ್ನಿಗೆ ಗೋಣಿಚೀಲ ಹೊದಿಸಿ ಮೂಲೆಯಲ್ಲಿಡಿ ಎನ್ನುವುದೇ ನನ್ನ ಉತ್ತರ. ಮೊದಲು ತೀರ್ಮಾನವಾಗಬೇಕಾದದ್ದು ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಹೊರುವ ಅಡ್ಡ ಸರಳು), ಅದು ಮೇಲೆ ಕೆಳಗೆ ಚಲಿಸುವ ರೀತಿ ಮತ್ತು ಸ್ಟಿಯರಿಂಗ್. ನಾನು ಪೀಣ್ಯದ ಮಷೀನ್ ಶಾಪ್ ಒಂದರಲ್ಲಿ ಕೆಲಸ ಮಾಡುವವನು. ಇಬ್ಬರು ಗೆಳೆಯರೊಂದಿಗೆ ಸೇರಿ, ಮಾಗಡಿ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಓಡಿಸಲೆಂದು ಕಾರ್ಟ್ ಕಟ್ಟಿದಾಗ ನಾವೂ ಎಂಜಿನ್ನಿನಿಂದಲೇ ಆರಂಭಿಸಿದ್ದೆವು. ಅದರ ಫಲವಾಗಿ ಅದೇ ಗಾಡಿಯನ್ನು ಮೂರು ಬಾರಿ ಬಿಚ್ಚಿ ಕಟ್ಟಬೇಕಾಯಿತು.

ಮೊದಲ ಸಲ ಸೋತದ್ದು ಆಕ್ಸಲ್. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂದು 25 ಮಿ.ಮೀ. ಮೈಲ್ಡ್ ಸ್ಟೀಲ್ ಸರಳನ್ನೇ ಹಿಂದಿನ ಆಕ್ಸಲ್ ಮಾಡಿ, ಫ್ರೇಮಿಗೆ ಬೋಲ್ಟ್ ಹಾಕುವ ಕವಚವಿರುವ ಎರಡು ಪ್ಲಮ್ಮರ್ ಬ್ಲಾಕ್ ಬೇರಿಂಗ್‌ಗಳ ಮೇಲೆ ಕೂರಿಸಿದ್ದೆವು. ತೆಂಗಿನ ಸಾಲುಗಳ ನಡುವಿನ ಬದುವನ್ನು ಎರಡನೆಯ ಬಾರಿ ಹಾರಿಸಿದಾಗ ಅದು ಬಾಗಿತು. ಉರುಟು ಸರಳು ಬಾಗುವಿಕೆಯನ್ನು ತಾಳುವ ಶಕ್ತಿ ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುವುದರಿಂದ, 25ರ ಬದಲು 30 ಮಿ.ಮೀ. ಬಳಸಿದರೆ ಅದೇ ಲೋಹದಲ್ಲಿಯೇ ಸುಮಾರು 1.7 ಪಟ್ಟು ಬಲ ದೊರೆಯುತ್ತದೆ. ಎರಡನೆಯ ಸಲ ನಾವು ಮೈಲ್ಡ್ ಸ್ಟೀಲಿಗಿಂತ ಗಟ್ಟಿಯಾದ ಇಎನ್ 8 ಉಕ್ಕಿನ 30 ಮಿ.ಮೀ. ಶಾಫ್ಟನ್ನು ಲೇತ್‌ನಲ್ಲಿ ತಿರುಗಿಸಿ, ಅದೇ ಬಗೆಯ, 30 ಮಿ.ಮೀ. ರಂಧ್ರದ ಯುಸಿಪಿ 206 ಬೇರಿಂಗ್‌ಗಳಲ್ಲಿ ಕೂರಿಸಿ, 8 ಮಿ.ಮೀ. ಕೀ ತೋಡನ್ನು (ಸ್ಪ್ರಾಕೆಟ್ ಜಾರದಂತೆ ಹಿಡಿಯುವ ಲೋಹದ ತುಂಡು ಕೂರುವ ಗೀರನ್ನು) ಕೊರೆಸಿದೆವು. ಆ ತೋಡಿನ ಚೂಪು ಮೂಲೆಯಲ್ಲಿಯೇ ಬಿರುಕು ಹುಟ್ಟುವುದರಿಂದ ಅದನ್ನು ಬೇರಿಂಗ್‌ನಿಂದ ದೂರವಿಡಬೇಕು, ಅದರ ತುದಿಯನ್ನು ದುಂಡಗೆ ಬಿಡಿಸಬೇಕು. ಬೇರಿಂಗ್‌ಗಳು ಚಕ್ರಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಚಕ್ರ ಮತ್ತು ಬೇರಿಂಗ್‌ನ ನಡುವೆ ಹೊರಚಾಚಿದ ಪ್ರತಿ ಅಂಗುಲವೂ ಶಾಫ್ಟನ್ನು ಬಗ್ಗಿಸುವ ಸನ್ನೆಯಾಗುತ್ತದೆ.

ಇನ್ನು ತಮ್ಮ ಎಂಜಿನ್ನಿನ ವಿಷಯ. ಬೈಕಿನಲ್ಲಿ ಗಾಳಿಯಿಂದ ತಂಪಾಗುವ ಎಂಜಿನ್ ಎದುರುಗಾಳಿಯನ್ನೇ ನಂಬಿಕೊಂಡಿರುತ್ತದೆ. ಕಾರ್ಟ್‌ನಲ್ಲಿ ಅದು ಸೀಟಿನ ಹಿಂದೆ, ಚಾಲಕನ ಬೆನ್ನಿನ ಮರೆಯಲ್ಲಿ ಕೂರುತ್ತದೆ; ಮಣ್ಣಿನ ದಾರಿಯಲ್ಲಿ ಗಾಡಿ ಮೊದಲ ಅಥವಾ ಎರಡನೆಯ ಗೇರಿನಲ್ಲಿ, ಹೆಚ್ಚು ಆರ್‌ಪಿಎಮ್‌ನಲ್ಲಿ, ನಿಧಾನವಾಗಿ ಸಾಗುತ್ತದೆ. ಅಂದರೆ ಶಾಖ ಹೆಚ್ಚು, ಗಾಳಿ ಕಡಿಮೆ. ನಮ್ಮದು ಇಪ್ಪತ್ತು ನಿಮಿಷ ಓಡಿದ ಮೇಲೆ ಬಲ ಕಳೆದುಕೊಳ್ಳುತ್ತಿತ್ತು, ಆರಿದ ಮೇಲೆ ಮತ್ತೆ ಸರಿಯಾಗುತ್ತಿತ್ತು. ನಾವು ಮೂರು ವಾರ ಕಾರ್ಬ್ಯುರೇಟರ್‌ನಲ್ಲಿ ದೋಷ ಹುಡುಕುತ್ತ ಕುಳಿತೆವು. ಬೈಕ್ ಎಂಜಿನ್ನೇ ಬೇಕೆಂದಾದರೆ ಸಿಲಿಂಡರಿನ ರೆಕ್ಕೆಗಳತ್ತ ಗಾಳಿಯನ್ನು ತಿರುಗಿಸುವ ತಗಡಿನ ಹಾದಿಯನ್ನೂ 12 ವೋಲ್ಟ್‌ನ ಫ್ಯಾನನ್ನೂ ಮೊದಲೇ ಯೋಜಿಸಿ. ಜಾಗ ಸಾಲದೆಂದು ಎಂಜಿನ್ನನ್ನು ಬೈಕಿನಲ್ಲಿದ್ದ ಕೋನಕ್ಕಿಂತ ಓರೆಯಾಗಿ ಕೂರಿಸುವ ಆಸೆಗೆ ಬೀಳಬೇಡಿ: ಕಾರ್ಬ್ಯುರೇಟರಿನೊಳಗೆ ತೇಲುವ ಫ್ಲೋಟ್ ಪೆಟ್ರೋಲಿನ ಮಟ್ಟವನ್ನು ತಪ್ಪಾಗಿ ಹಿಡಿಯುತ್ತದೆ, ಆಯಿಲ್ ಪಂಪು ಎಣ್ಣೆಯ ಬದಲು ಗಾಳಿಯನ್ನು ಎಳೆಯಬಹುದು. ಸೀಟಿನ ಹಿಂದೆ ಕಾಲು ಹೋಗುವುದಿಲ್ಲವಾದ್ದರಿಂದ ಸೆಲ್ಫ್ ಸ್ಟಾರ್ಟ್ ಇಲ್ಲದ ಎಂಜಿನ್ ಪ್ರತಿ ಬಾರಿಯೂ ಇಳಿದು ಒದೆಯುವ ಶಿಕ್ಷೆಯಾಗುತ್ತದೆ.

ಮೂರನೆಯ ಸಲ ನಾವು ಆ ಎಂಜಿನ್ನನ್ನೇ ತೆಗೆದು, ಹಳೆಯ ಬಜಾಜ್ ಆಟೋರಿಕ್ಷಾದ ಇಡೀ ಹಿಂಭಾಗವನ್ನು ತಂದೆವು, ಮತ್ತು ಇಂದಿಗೂ ಅದನ್ನೇ ಶಿಫಾರಸು ಮಾಡುತ್ತೇನೆ. ಆಟೋ ಎಂಜಿನ್ನಿಗೆ ತನ್ನದೇ ಫ್ಯಾನ್ ಮತ್ತು ಮುಚ್ಚುಗೆ ಇರುವುದರಿಂದ ಗಾಡಿ ನಿಂತಲ್ಲೇ ಇದ್ದರೂ ತಂಪಾಗುತ್ತದೆ. ಸಿಗ್ನಲ್ಲಿನಲ್ಲಿ ಗಂಟೆಗಟ್ಟಲೆ ಗುರುಗುಟ್ಟುತ್ತ ನಿಲ್ಲುವುದೇ ಅದರ ವೃತ್ತಿಯಲ್ಲವೇ! ಜೊತೆಗೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡು) ಬರುತ್ತದೆ, ರಿವರ್ಸ್ ಗೇರ್ ಬರುತ್ತದೆ. ಹಳ್ಳದಲ್ಲಿ ಸಿಕ್ಕಿಕೊಂಡ ಕಾರ್ಟನ್ನು ಕೈಯಿಂದ ಹಿಂದಕ್ಕೆ ಎಳೆದವರಿಗಷ್ಟೇ ರಿವರ್ಸ್ ಗೇರಿನ ಬೆಲೆ ಗೊತ್ತು. ಗೇರ್ ಮತ್ತು ಕ್ಲಚ್ ಎರಡೂ ಕೇಬಲ್‌ಗಳಿಂದಲೇ ನಡೆಯುವುದರಿಂದ ಅವುಗಳನ್ನು ಸೀಟಿನ ಪಕ್ಕದ ಲಿವರಿಗೂ ಎಡಗಾಲಿನ ಪೆಡಲಿಗೂ ಎಳೆದುಕೊಳ್ಳುವುದು ಕಷ್ಟವಲ್ಲ. ಲೋಪವೂ ಇದೆ. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಡಿಫರೆನ್ಷಿಯಲ್ ಅದನ್ನೇ ಗಿರಗಿರನೆ ತಿರುಗಿಸುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನಿರುತ್ತದೆ. ಮಳೆಗಾಲದಲ್ಲಿಯೇ ಓಡಿಸುವ ಉತ್ಸಾಹ ತಮಗಿದ್ದರೆ ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಒಂದೇ ಗಟ್ಟಿ ಆಕ್ಸಲ್ ಮೇಲು. ಸಡಿಲ ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿಕೊಳ್ಳುವುದರಿಂದ ತಿರುವಿನಲ್ಲಿಯೂ ಅದು ಅಷ್ಟಾಗಿ ಕಾಡುವುದಿಲ್ಲ.

ತಮ್ಮ ಬೈಕ್ ಎಂಜಿನ್ನನ್ನೇ ಉಳಿಸಿಕೊಂಡರೆ, ಚೈನು ಸುತ್ತುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್‌ನ ಲೆಕ್ಕ ತಮ್ಮ ಪರವಾಗಿಯೇ ಇದೆ. ಬೈಕಿನ ಹಿಂದಿನ ಚಕ್ರದ ಹೊರವ್ಯಾಸ ಸುಮಾರು 60 ಸೆಂ.ಮೀ., ಕಾರ್ಟಿಗೆ ಹಾಕುವ ಆಟೋದ 4.00-8 ಟೈರಿನದು ಸುಮಾರು 42. ಹಲ್ಲುಗಳನ್ನು ಬದಲಿಸದೆಯೇ ಪ್ರತಿ ಗೇರಿನಲ್ಲಿಯೂ ವೇಗ ಶೇಕಡಾ 30ರಷ್ಟು ತಗ್ಗುತ್ತದೆ, ನೆಲವನ್ನು ತಳ್ಳುವ ಬಲ ಶೇಕಡಾ 40ಕ್ಕೂ ಹೆಚ್ಚು ಏರುತ್ತದೆ. ಆ ಹೆಚ್ಚಿದ ಬಲವನ್ನು ಹೊರಬೇಕಾದದ್ದು ಚೈನು ಮತ್ತು ಆಕ್ಸಲ್ ಎಂಬುದನ್ನು ಮಾತ್ರ ಮರೆಯಬೇಡಿ.

ಸಸ್ಪೆನ್ಷನ್ನನ್ನು ಆಮೇಲೆ ಸೇರಿಸಬಹುದೇ? ಬೇಡ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಮೊದಲ ಗೋ ಕಾರ್ಟನ್ನು ಕಟ್ಟಿದಾಗ ಅದಕ್ಕೆ ಸಸ್ಪೆನ್ಷನ್ ಇರಲಿಲ್ಲ, ಇಂದಿನ ರೇಸ್ ಕಾರ್ಟ್‌ಗಳಿಗೂ ಇಲ್ಲ. ನುಣುಪಾದ ಟ್ರ್ಯಾಕ್‌ನಲ್ಲಿ ಫ್ರೇಮಿನ ಬಳುಕೇ ಆ ಕೆಲಸವನ್ನು ಮಾಡುತ್ತದೆ. ಮಣ್ಣಿನ ದಾರಿಯ ಗಾಡಿಯ ಫ್ರೇಮ್ ಬಳುಕದಂತೆ ತ್ರಿಕೋನಗಳಾಗಿ ಬಿಗಿಯಬೇಕು, ಚಲಿಸಬೇಕಾದದ್ದು ಚಕ್ರಗಳ ತೋಳುಗಳು ಮಾತ್ರ. ಒಂದರ ಸ್ವಭಾವವನ್ನು ಇನ್ನೊಂದಕ್ಕೆ ತೇಪೆ ಹಾಕಲಾಗದು. ನಾವು ತೇಪೆ ಹಾಕಿ ನೋಡಿದೆವು: ಹಿಂದಿನ ಆಕ್ಸಲನ್ನು ತೂಗುತೋಳಿಗೆ (ಒಂದು ತುದಿಯ ಕೀಲಿನ ಮೇಲೆ ಏರಿಳಿಯುವ ಸ್ವಿಂಗ್ ಆರ್ಮಿಗೆ) ಏರಿಸಿ, ಆ ತೋಳಿನ ಕೀಲನ್ನು ಎಂಜಿನ್ನಿನ ಸ್ಪ್ರಾಕೆಟ್ಟಿನಿಂದ ಸುಮಾರು ಒಂದು ಅಡಿ ದೂರದಲ್ಲಿ, ಜಾಗವಿದ್ದ ಕಡೆ, ಇಟ್ಟೆವು. ಚಕ್ರ ಏರಿಳಿದಂತೆಲ್ಲ ಚೈನು ಬಿಗಿಯಾಗಿ, ಸಡಿಲವಾಗಿ, ಕಡೆಗೆ ಒಂದು ದಿನ ಕಳಚಿ ಸ್ಪ್ರಾಕೆಟ್ ಮತ್ತು ಎಂಜಿನ್ ಕೇಸಿನ ನಡುವೆ ಸಿಕ್ಕಿ ಕೇಸನ್ನೇ ಒಡೆಯಿತು. ಬೈಕಿನಲ್ಲಿ ತೂಗುತೋಳಿನ ಕೀಲು ಮುಂದಿನ ಸ್ಪ್ರಾಕೆಟ್ಟಿಗೆ ಅಂಟಿಕೊಂಡಂತೆ ಇರುವುದು ಇದೇ ಕಾರಣಕ್ಕೆ ಎಂದು ಅಂದು ತಲೆಗೆ ಹೊಳೆಯಿತು. ಮುಂಭಾಗಕ್ಕೆ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಸಾಕು. ಆದರೆ ಶಾಕನ್ನು ತೋಳಿನ ಅರ್ಧದಲ್ಲಿ ಕಟ್ಟಿದರೆ ಚಕ್ರದ ಬಳಿ ಸ್ಪ್ರಿಂಗಿನ ಬಿಗಿತ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಕಟ್ಟುವ ಜಾಗವನ್ನು ಎರಡು ಅಂಗುಲ ಸರಿಸಿದರೆ ಗಾಡಿಯ ನಡತೆಯೇ ಬದಲಾಗುವುದು ಇದರಿಂದ.

ಸ್ಟಿಯರಿಂಗ್‌ಗೆ ಹಳೆಯ ಮಾರುತಿ 800ರ ರ‍್ಯಾಕ್ (ಸ್ಟಿಯರಿಂಗಿನ ತಿರುವನ್ನು ಅಕ್ಕಪಕ್ಕದ ಎಳೆತವಾಗಿಸುವ ಹಲ್ಲಿನ ಸರಳು) ಸೊಗಸಾಗಿ ಒಪ್ಪುತ್ತದೆ. ಅದರಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಒಳಕೀಲುಗಳು ತೋಳುಗಳ ಒಳಕೀಲುಗಳ ಸಾಲಿನಲ್ಲಿಯೇ ಇರಬೇಕು, ಇಲ್ಲದಿದ್ದರೆ ಪ್ರತಿ ಗುಂಡಿಯಲ್ಲಿಯೂ ಚಕ್ರಗಳು ತಾವಾಗಿಯೇ ತಿರುಗುತ್ತವೆ. ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಚ್ಚಾದ ಕಿಂಗ್‌ಪಿನ್ನಿನಿಂದ ಸ್ಟಿಯರಿಂಗ್ ತೋಳಿನ ತುದಿಯ ಮೂಲಕ ದಾರ ಎಳೆದರೆ ಎರಡೂ ಬದಿಯ ದಾರಗಳು ಹಿಂದಿನ ಆಕ್ಸಲಿನ ನಡುವೆ ಕೂಡುವಂತಿರಲಿ. ಆ್ಯಕರ್ಮನ್ ಹೆಸರಿನಲ್ಲಿ 1818ರಲ್ಲಿ ಪೇಟೆಂಟ್ ಆದ ಕುದುರೆಗಾಡಿಯ ಉಪಾಯ ಇದು, ತೋಟದ ಕಾರ್ಟಿಗೂ ಅಷ್ಟೇ ಸಾಕು.

ಫ್ರೇಮಿಗೆ ನೀರಿನ ಜಿಐ ಪೈಪು ಬೇಡವೇ ಬೇಡ. ಅದರ ಮೇಲಿನ ಸತುವು ವೆಲ್ಡಿಂಗ್‌ನ ಶಾಖಕ್ಕೆ ಹೊಗೆಯಾಗಿ ಏರಿ ಜ್ವರ ಬರಿಸುತ್ತದೆ, ಬೆಸುಗೆಯೂ ತೂತುತೂತಾಗುತ್ತದೆ. ಇಂಜಿನಿಯರಿಂಗ್ ಕಾಲೇಜುಗಳ ತಂಡಗಳು ಸ್ಪರ್ಧಿಸುವ ಬಾಹಾ ಎಸ್‌ಎಇ ನಿಯಮಗಳಲ್ಲಿ, ಚಾಲಕನ ಸುತ್ತಲಿನ ಮುಖ್ಯ ಪೈಪುಗಳಿಗೆ ಕನಿಷ್ಠ 0.18 ಶೇಕಡಾ ಇಂಗಾಲವಿರುವ, 25 ಮಿ.ಮೀ. ಹೊರವ್ಯಾಸ ಮತ್ತು 3 ಮಿ.ಮೀ. ದಪ್ಪದ ಉಕ್ಕು ಅಳತೆಗೋಲಾಗಿತ್ತು. ತಾವೂ ರೋಲ್ ಕೇಜಿಗೆ (ಗಾಡಿ ಮಗುಚಿದಾಗ ಚಾಲಕನನ್ನು ಕಾಯುವ ಪೈಪಿನ ಪಂಜರಕ್ಕೆ) ಅದನ್ನೇ ಇಟ್ಟುಕೊಳ್ಳಿ. ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು ಇನ್ನೊಂದು ಪೈಪನ್ನು ಅಪ್ಪಿಕೊಳ್ಳುವಂತೆ ಕೂರಿಸಬೇಕು; ಸಂದನ್ನು ಬೆಸುಗೆಯಿಂದಲೇ ತುಂಬಿಸಲು ಹೊರಟರೆ ಕೀಲು ಅಲ್ಲಿಯೇ ಬಿಡುತ್ತದೆ. ಎಲ್ಲ ಕಡೆ ಚುಕ್ಕೆ ಬೆಸುಗೆ ಹಾಕಿ, ಕರ್ಣಗಳನ್ನು ಅಳೆದು, ಆಮೇಲಷ್ಟೇ ಪೂರ್ತಿ ಬೆಸೆಯಿರಿ. ಕೇಜ್ ಅಲಂಕಾರಕ್ಕಲ್ಲ. ಚಕ್ರಗಳ ನಡುವೆ 1.1 ಮೀಟರ್ ಅಗಲ, ಗುರುತ್ವಕೇಂದ್ರ ಅರ್ಧ ಮೀಟರ್ ಎತ್ತರ ಎಂದುಕೊಂಡರೆ, ಸಡಿಲ ಮಣ್ಣಿನಲ್ಲಿ ಗಾಡಿ ಉರುಳುವುದಕ್ಕೆ ಮುಂಚೆಯೇ ಜಾರುತ್ತದೆ. ಆದರೆ ಪಕ್ಕಕ್ಕೆ ಜಾರುತ್ತಿರುವ ಚಕ್ರ ಒಂದು ಉಳುಮೆಯ ಗೆರೆಗೆ ಅಥವಾ ಬೇರಿಗೆ ಸಿಕ್ಕಿದರೆ ಆ ಲೆಕ್ಕವೆಲ್ಲ ಸುಳ್ಳಾಗಿ ಗಾಡಿ ಮಗುಚುತ್ತದೆ. ಕೇಜ್ ಇದ್ದರೆ ಬೆಲ್ಟ್ ಕಡ್ಡಾಯ, ಹೆಲ್ಮೆಟ್ ಕೇಜ್ ಇದ್ದರೂ ಇಲ್ಲದಿದ್ದರೂ ಕಡ್ಡಾಯ.

ಸಾಮಾನುಗಳಿಗೆ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಎರಡೂ ಬೇಕಾಗುತ್ತವೆ: ಬೇರಿಂಗ್, ಬ್ರೇಕ್ ಪ್ಯಾಡ್, ಮಾಸ್ಟರ್ ಸಿಲಿಂಡರ್ ಹೊಸದನ್ನೇ ಕೊಳ್ಳಿ, ರಿಮ್ಮು, ರ‍್ಯಾಕು, ಶಾಕ್ ಹಳೆಯದಾದರೂ ನಡೆಯುತ್ತದೆ. ಎಂಜಿನ್ ನಂಬರನ್ನು ಉಜ್ಜಿ ಅಳಿಸಿದ ಯಾವುದನ್ನೂ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಇರುವ ಎಂಜಿನ್ನಿಗೂ ಬಿಲ್ಲು ಇಲ್ಲದಿದ್ದರೆ ಈಗಲೇ ಕೇಳಿ ಪಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಹೊಸ ಲೇಔಟಿನ ಖಾಲಿ ರಸ್ತೆಯಾಗಲಿ, ಬತ್ತಿದ ಕೆರೆಯ ಅಂಗಳವಾಗಲಿ ತಮ್ಮ ಜಮೀನಲ್ಲ. ಕನಕಪುರದವರೆಗೆ ಗೂಡ್ಸ್ ಆಟೋದಲ್ಲಿ ಏರಿಸಿಕೊಂಡೇ ಹೋಗಿ.

ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಪಿಸ್ಟನ್ ರಿಂಗುಗಳನ್ನು ಅರೆಯುವ ಕಲ್ಲಿನಂತೆ. ಏರ್ ಫಿಲ್ಟರನ್ನು ಚಕ್ರಗಳಿಂದ ದೂರ, ಎತ್ತರದಲ್ಲಿ ಇಟ್ಟು, ಎಣ್ಣೆ ಹಚ್ಚಿದ ಸ್ಪಂಜನ್ನು ಪ್ರತಿ ಓಟದ ನಂತರ ತೊಳೆಯಿರಿ. ಮೊದಲ ದಿನ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಎಂಜಿನ್ ಆರಿಸಿ, ಪ್ರತಿ ನಟ್ಟಿಗೂ ಸ್ಪ್ಯಾನರ್ ಹಾಕಿ ನೋಡಿ. ನಮ್ಮ ಗಾಡಿಯಲ್ಲಿ ಎರಡನೆಯ ನಿಲುಗಡೆಯ ಹೊತ್ತಿಗೇ ಟೈ ರಾಡಿನ ನಟ್ಟು ಅರ್ಧ ಬಿಚ್ಚಿಕೊಂಡಿತ್ತು, ಏಕೆಂದರೆ ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕುವ ಬದಲು ನಾನು ಅದನ್ನು ಇನ್ನಷ್ಟು ಬಿಗಿದು ಬಿಟ್ಟಿದ್ದೆ.