ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಉಳಿದ ಟರ್ಕಿ ಕೋಳಿಯಿಂದ ಹೊಟ್ಟೆ ತುಂಬುವಂಥ ಸೂಪ್ ಮಾಡುವುದು ಹೇಗೆ?

ಹಬ್ಬದ ಊಟವಾದ ಮೇಲೆ ಅರ್ಧದಷ್ಟು ಟರ್ಕಿ ಹಾಗೆಯೇ ಉಳಿಯುತ್ತದೆ, ಹೋದ ವರ್ಷ ಅದರಿಂದ ಮಾಡಿದ ಸೂಪ್ ನೀರು ನೀರಾಗಿತ್ತು, ಮಾಂಸವಂತೂ ನಾರು ನಾರಾಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು, ಈ ಸಲ ಒಂದು ಹೊತ್ತಿನ ಊಟಕ್ಕೆ ಸಾಲುವಂತೆ ಮಾಡಬೇಕು ಎಂದು ಬರೆದಿದ್ದೀರಿ. ನಾನು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಸಂಸಾರ ಹೂಡಿರುವವಳು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಮೇಜಿನ ಮೇಲಿದ್ದ ಟರ್ಕಿ ಶನಿವಾರ, ಭಾನುವಾರದ ಹೊತ್ತಿಗೆ ಸೂಪಿನ ಪಾತ್ರೆ ಸೇರುವುದು ಇಲ್ಲಿನ ಎಷ್ಟೋ ಮನೆಗಳ ರೂಢಿ; ನಮ್ಮ ಮನೆಗೂ ಅದು ಬಂದಿದೆ. ನೀವು ಹೇಳಿದ ಎರಡು ತೊಂದರೆಗಳಿಗೂ ಮೂಲ ಒಂದೇ ಎಂದು ನನಗೆ ತೋರುತ್ತದೆ: ಮಾಂಸವನ್ನು ಕುದಿಸಿ ಅದರಿಂದ ರುಚಿ ಇಳಿಸಿಕೊಳ್ಳಲು ನೋಡಿದ್ದೀರಿ. ಸೂಪಿಗೆ ರುಚಿಯನ್ನೂ ಗಟ್ಟಿತನವನ್ನೂ ಕೊಡುವುದು ಎಲುಬು. ಮಾಂಸ ಒಮ್ಮೆ ಒಲೆಯಲ್ಲಿ ಗಂಟೆಗಟ್ಟಲೆ ಬೆಂದಿರುವುದರಿಂದ ಅದು ಕೊನೆಯ ಐದು ನಿಮಿಷಕ್ಕೆ ಪಾತ್ರೆಗೆ ಬಿದ್ದರೆ ಸಾಕು.

ಆದ್ದರಿಂದ ಸೂಪಿನ ಕೆಲಸ ಗುರುವಾರ ರಾತ್ರಿಯೇ ಶುರುವಾಗಬೇಕು. ಟರ್ಕಿಯನ್ನು ಒಲೆಯಿಂದ ತೆಗೆದ ಎರಡು ಗಂಟೆಯೊಳಗೆ ಉಳಿದದ್ದೆಲ್ಲ ಫ್ರಿಜ್ ಸೇರಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ, ಮತ್ತು ಇದು ಸುಮ್ಮನೆ ಹೆದರಿಸುವ ಮಾತಲ್ಲ. ಬೇಯಿಸಿದ ಮಾಂಸ, ಗ್ರೇವಿಗಳು ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರುವಾಗ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದಿಂದ ಹೊಟ್ಟೆ ಕೆಡುವ ಪ್ರಕರಣಗಳು ನವೆಂಬರ್, ಡಿಸೆಂಬರ್ ತಿಂಗಳಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಇಡೀ ಹಕ್ಕಿಯನ್ನು ಹಾಗೆಯೇ ಫ್ರಿಜ್ಜಿಗೆ ತುರುಕಿದರೆ ಅದರ ನಡುಭಾಗ ಬೇಗ ತಣ್ಣಗಾಗುವುದಿಲ್ಲ. ಊಟ ಮುಗಿದ ಕೂಡಲೇ, ಎಲುಬು ಇನ್ನೂ ಉಗುರುಬೆಚ್ಚಗಿರುವಾಗ, ಮಾಂಸವನ್ನು ಕೈಯಿಂದ ಬಿಡಿಸಿ. ಆಗ ಅದು ಸಲೀಸಾಗಿ ಕಳಚಿ ಬರುತ್ತದೆ. ಎದೆಯ ಬಿಳಿ ಮಾಂಸವನ್ನೂ ತೊಡೆ, ಕಾಲಿನ ಕಂದು ಮಾಂಸವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿಡಿ. ಸೂಪಿಗೆ ಕಂದು ಮಾಂಸವೇ ಮೇಲು, ಏಕೆಂದರೆ ಅದರಲ್ಲಿ ಕೊಬ್ಬಿನಂಶ ಹೆಚ್ಚಿರುವುದರಿಂದ ಮತ್ತೆ ಬಿಸಿ ಮಾಡಿದರೂ ಒಣಗುವುದಿಲ್ಲ. ಹೊಟ್ಟೆಯೊಳಗೆ ಸ್ಟಫಿಂಗ್ ತುಂಬಿದ್ದರೆ ಅದನ್ನು ಒಂದು ತುಣುಕೂ ಉಳಿಯದಂತೆ ಕೆರೆದು ತೆಗೆಯಿರಿ. ಬ್ರೆಡ್ಡಿನ ಚೂರು ಉಳಿದರೆ ಎಲುಬಿನಿಂದ ಇಳಿಸುವ ಸಾರವೆಲ್ಲ ಗಂಜಿಯಂತೆ ಕಲಕಿಹೋಗುತ್ತದೆ. ಎಲುಬಿನ ಗೂಡನ್ನು ಅಡುಗೆಮನೆಯ ಕತ್ತರಿಯಿಂದ ನಾಲ್ಕು ಭಾಗ ಮಾಡಿ ಮುಚ್ಚಿಡಿ. ಫ್ರಿಜ್ಜಿನಲ್ಲಿ ಮೂರು, ನಾಲ್ಕು ದಿನ ಇಡಬಹುದು. ಅಷ್ಟರೊಳಗೆ ಪುರುಸೊತ್ತಾಗದಿದ್ದರೆ ಎಲುಬನ್ನು ಫ್ರೀಜರಿನಲ್ಲಿಟ್ಟು ಡಿಸೆಂಬರಿನಲ್ಲಿ ಬಳಸಿದರೂ ನಷ್ಟವಿಲ್ಲ.

ಟರ್ಕಿ ಸುಟ್ಟ ತಟ್ಟೆಯನ್ನು ತೊಳೆಯಲು ಹಾಕುವ ಮೊದಲು ಅದರ ತಳವನ್ನು ನೋಡಿ. ಅಲ್ಲಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ ಅಂಟಿಕೊಂಡ ಪೊರೆಯಲ್ಲಿ ಇಡೀ ಹಕ್ಕಿಯ ರುಚಿ ಇರುತ್ತದೆ. ಗ್ರೇವಿಗೆ ಬಳಸದೆ ಉಳಿದಿದ್ದರೆ ಒಂದು ಕಪ್ ಬಿಸಿನೀರು ಸುರಿದು, ಮರದ ಸೌಟಿನಿಂದ ಕೆರೆದು, ಆ ನೀರನ್ನೂ ಎಲುಬಿನ ಪಾತ್ರೆಗೆ ಸುರಿಯಲು ತೆಗೆದಿಡಿ. ಕರಕಲಾಗಿ ಕಪ್ಪಾಗಿದ್ದರೆ ಮಾತ್ರ ಬೇಡ, ಕಹಿ ಬರುತ್ತದೆ.

ಎಲುಬನ್ನು ದೊಡ್ಡ ಪಾತ್ರೆಗೆ ಹಾಕಿ, ಮುಳುಗುವಷ್ಟು ತಣ್ಣೀರು ಸುರಿಯಿರಿ. ಹನ್ನೆರಡು, ಹದಿನಾಲ್ಕು ಪೌಂಡಿನ ಹಕ್ಕಿಯಾದರೆ ಸುಮಾರು 4 ಲೀಟರ್ ನೀರು ಹಿಡಿಯುತ್ತದೆ. ಸಿಪ್ಪೆಸಹಿತ ಎರಡು ಹೋಳು ಮಾಡಿದ ಈರುಳ್ಳಿ, ಎರಡು ಕ್ಯಾರೆಟ್, ಸೆಲರಿಯ ಎರಡು ದಂಟು, ಹತ್ತು ಹನ್ನೆರಡು ಕಾಳುಮೆಣಸು, ಒಂದು ಬೇ ಎಲೆ, ಹಬ್ಬಕ್ಕೆ ತಂದು ಉಳಿದ ಥೈಮ್ ಕಡ್ಡಿಗಳು ಸಾಕು. ಉಪ್ಪು ಈಗ ಹಾಕಲೇಬಾರದು: ಅಂಗಡಿಯ ಬಹಳಷ್ಟು ಫ್ರೋಜನ್ ಟರ್ಕಿಗಳಿಗೆ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ, ಮೇಲೆ ನಾವು ಬೇರೆ ಉಪ್ಪು ಸವರಿರುತ್ತೇವೆ, ಅದೆಲ್ಲ ನೀರಿಗೆ ಇಳಿದು, ನೀರು ಬತ್ತಿದಂತೆ ಇನ್ನಷ್ಟು ಗಾಢವಾಗುತ್ತದೆ. ಮೊದಲ ಕುದಿ ಬರುತ್ತಿದ್ದಂತೆ ಮೇಲೆ ಕಟ್ಟುವ ಬೂದು ನೊರೆಯನ್ನು ತೆಗೆದು, ಉರಿಯನ್ನು ಪೂರ್ತಿ ತಗ್ಗಿಸಿ. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಅಷ್ಟೇ. ಕೊತಕೊತ ಕುದಿಸಿದರೆ ಕೊಬ್ಬು ನೀರಿನಲ್ಲಿ ಬೆರೆತು ಸಾರ ಬೆಳ್ಳಗೆ ಮಬ್ಬಾಗಿ, ನಾಲಗೆಗೆ ಜಿಡ್ಡು ಹತ್ತುತ್ತದೆ. ಹೀಗೆ ಮೂರು ಗಂಟೆ ಬಿಡಿ. ಪಕ್ಕದಲ್ಲಿ ನಿಂತು ಕಾಯಬೇಕಾಗಿಲ್ಲ. ವಿದ್ಯುತ್ ಪ್ರೆಷರ್ ಕುಕ್ಕರಿದ್ದರೆ ಒಂದು ಗಂಟೆಯಲ್ಲಿ ಆಗುತ್ತದೆ, ಆದರೆ ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳ ತೆಗೆಯಬೇಡಿ.

ಸೋಸಿದ ಸಾರವನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಮೇಲಿನ ಕೊಬ್ಬು ತಟ್ಟೆಯಂತೆ ಗಟ್ಟಿಯಾಗಿ, ಎತ್ತಿ ತೆಗೆಯಲು ಬರುತ್ತದೆ. ಅದರ ಕೆಳಗಿನ ಸಾರ ಅಲುಗಾಡಿಸಿದರೆ ನಡುಗುವಂತಿರಬೇಕು. ಕೀಲುಗಳ ಸುತ್ತಲಿನ ಮೃದ್ವಸ್ಥಿ ಮತ್ತು ಚರ್ಮದಲ್ಲಿರುವ ಕೊಲಾಜೆನ್ ನಿಧಾನದ ಶಾಖಕ್ಕೆ ಕರಗಿ ಜೆಲಾಟಿನ್ ಆಗಿರುವುದರ ಗುರುತು ಅದು. ನಮ್ಮೂರ ಮಿಲಿಟರಿ ಹೋಟೆಲುಗಳ ಕಾಲು ಸೂಪ್ ತಣಿದಾಗ ತುಟಿಗೆ ಅಂಟುವುದಕ್ಕೂ ಇದೇ ಕಾರಣ. ನಿಮ್ಮ ಹೋದ ವರ್ಷದ ಸೂಪಿನಲ್ಲಿ ಇಲ್ಲದೆ ಹೋದದ್ದು ಇದು. ಹೆಪ್ಪುಗಟ್ಟದೆ ತೆಳ್ಳಗೇ ಉಳಿದಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ತೆರೆದ ಪಾತ್ರೆಯಲ್ಲಿ ಇನ್ನಷ್ಟು ಬತ್ತಿಸಿದರೆ ಸರಿಹೋಗುತ್ತದೆ.

ಇನ್ನು ಹೊಟ್ಟೆ ತುಂಬುವ ಪ್ರಶ್ನೆ. ನೂಡಲ್ಸ್, ಆಲೂಗಡ್ಡೆ, ಬಾರ್ಲಿ ಯಾವುದೂ ಆಗಬಹುದು, ಆದರೆ ನಾನು ಒತ್ತಾಯದಿಂದ ಹೇಳುವುದು ವೈಲ್ಡ್ ರೈಸ್. ಇದು ನಮ್ಮ ಭತ್ತದ ಜಾತಿಯದಲ್ಲ. ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯ ಆಳವಿಲ್ಲದ ಸರೋವರಗಳಲ್ಲಿ ತಾನಾಗಿ ಬೆಳೆಯುವ ಒಂದು ನೀರುಹುಲ್ಲಿನ ಕಾಳು. ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನರಿಗೆ ಇದು ಪವಿತ್ರ ಧಾನ್ಯ. ಬೇಸಿಗೆಯ ಕೊನೆಯಲ್ಲಿ ಅವರು ಪುಟ್ಟ ದೋಣಿಯಲ್ಲಿ ಹೋಗಿ, ಒಂದು ಕೋಲಿನಿಂದ ತೆನೆಯನ್ನು ದೋಣಿಯೊಳಗೆ ಬಾಗಿಸಿ, ಇನ್ನೊಂದರಿಂದ ಮೆಲ್ಲನೆ ಬಡಿದು ಮಾಗಿದ ಕಾಳನ್ನಷ್ಟೇ ಉದುರಿಸಿಕೊಳ್ಳುತ್ತಾರೆ. ಉಳಿದ ಕಾಳು ನೀರಿಗೆ ಬಿದ್ದು ಮುಂದಿನ ವರ್ಷದ ಬೆಳೆಯಾಗುತ್ತದೆ. 1977ರಿಂದ ಇದು ಮಿನ್ನೆಸೋಟದ ರಾಜ್ಯ ಧಾನ್ಯ. ಸರೋವರದಿಂದ ಕೈಯಿಂದ ಕೊಯ್ದ ಕಂದು ಕಾಳು ಅರ್ಧ ಗಂಟೆಯಲ್ಲಿ ಬೇಯುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ, ಗದ್ದೆಯಲ್ಲಿ ಬೆಳೆದ ಹೊಳೆಯುವ ಕಪ್ಪು ಕಾಳಿಗೆ ಒಂದು ಗಂಟೆಯವರೆಗೂ ಬೇಕಾಗಬಹುದು. ಕಾಳು ಒಡೆದು ಒಳಗಿನ ಬಿಳಿ ತಿರುಳು ಕಂಡಾಗ ಇಳಿಸಿ. ಒಂದು ಕಪ್ ಕಾಳು ಮೂರು ಕಪ್ಪಿಗೂ ಮಿಗಿಲಾಗಿ ಅರಳುತ್ತದೆ, ಅಗಿದರೆ ಕಾಯಿಬೀಜದ ಪರಿಮಳ ಬರುತ್ತದೆ, ಮರುದಿನಕ್ಕೂ ಮುದ್ದೆಯಾಗುವುದಿಲ್ಲ. ಆದರೂ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳುವುದೇ ಸರಿ, ಏಕೆಂದರೆ ಯಾವ ಧಾನ್ಯವನ್ನಾದರೂ ಸಾರದಲ್ಲೇ ಬೇಯಿಸಿದರೆ ಅಷ್ಟು ಕಷ್ಟಪಟ್ಟು ಇಳಿಸಿದ ಸಾರವನ್ನು ಅದೇ ಕುಡಿದುಬಿಡುತ್ತದೆ.

ಕೊನೆಯ ಹಂತಕ್ಕೆ ಅರ್ಧ ಗಂಟೆ ಸಾಕು. ದಪ್ಪ ತಳದ ಪಾತ್ರೆಯಲ್ಲಿ ನಾಲ್ಕು ದೊಡ್ಡ ಚಮಚ ಬೆಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ, ಒಂದು ಹಿಡಿ ಅಣಬೆ ಬಾಡಿಸಿ. ಸಾರದಲ್ಲಿ ಬೆಂದ ತರಕಾರಿಯನ್ನು ಮತ್ತೆ ಬಳಸಬೇಡಿ, ಅದರಲ್ಲಿ ರುಚಿ ಉಳಿದಿರುವುದಿಲ್ಲ. ಬಾಡಿದ ತರಕಾರಿಯ ಮೇಲೆ ನಾಲ್ಕು ದೊಡ್ಡ ಚಮಚ ಮೈದಾ ಉದುರಿಸಿ, ಹಸಿ ವಾಸನೆ ಹೋಗುವವರೆಗೆ ಎರಡು ನಿಮಿಷ ಹುರಿದು, ಸಾರವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಗಂಟಾಗದಂತೆ ಕಲಸಿ. ಸುಮಾರು 2 ಲೀಟರ್ ಸಾರಕ್ಕೆ ಈ ಅಳತೆ ಹೊಂದುತ್ತದೆ. ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿದ ಮೇಲೆ ಬೆಂದ ವೈಲ್ಡ್ ರೈಸ್, ಅರ್ಧ ಕಪ್ ಕ್ರೀಮ್, ಅನಂತರ ಮಾಂಸ ಹಾಕಿ. ಮಾಂಸವನ್ನು ಎಳೆಗೆ ಅಡ್ಡವಾಗಿ, ಚಮಚದಲ್ಲಿ ಕೂರುವಷ್ಟು ಚಿಕ್ಕದಾಗಿ ಕತ್ತರಿಸಬೇಕು. ಉದ್ದುದ್ದ ಸೀಳಿದರೆ ನಾರು ಹಲ್ಲಿಗೆ ಸಿಗುವುದು ತಪ್ಪುವುದಿಲ್ಲ. ಮಾಂಸ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಆಯಿತು, ಕುದಿಸಬೇಡಿ. ಈಗ ರುಚಿ ನೋಡಿ ಉಪ್ಪು ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ. ನಿಂಬೆ ಇಲ್ಲದಿದ್ದರೆ ಇಷ್ಟೆಲ್ಲ ಬೆಣ್ಣೆ, ಕ್ರೀಮಿನ ನಡುವೆ ಟರ್ಕಿಯ ರುಚಿ ಮಂಕಾಗುತ್ತದೆ.

ಮನೆಯಲ್ಲಿ ಹಿರಿಯರಿದ್ದು ಅವರಿಗೆ ಕ್ರೀಮ್ ಒಗ್ಗದಿದ್ದರೆ ಮೈದಾ, ಕ್ರೀಮ್ ಎರಡನ್ನೂ ಬಿಟ್ಟು, ಅದೇ ಸಾರಕ್ಕೆ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಆಗತಾನೇ ಕುಟ್ಟಿದ ಮೆಣಸು, ಜೀರಿಗೆ ಹಾಕಿ ಬಾರ್ಲಿಯೊಂದಿಗೆ ಮಾಡಿಕೊಡಿ. ನಮ್ಮ ಅತ್ತೆಯವರು ಊರಿನಿಂದ ಬಂದಾಗ ಕೇಳುವುದು ಇದನ್ನೇ. ಗರಂ ಮಸಾಲೆಯನ್ನು ಮಾತ್ರ ನಾನು ಹಾಕುವುದಿಲ್ಲ, ಏಕೆಂದರೆ ಎಲುಬಿನ ಮೆಲುವಾದ ರುಚಿ ಅದರಡಿಯಲ್ಲಿ ಅಡಗಿಹೋಗುತ್ತದೆ. ಟರ್ಕಿಯನ್ನು ಹೊಗೆಯಲ್ಲಿ ಬೇಯಿಸಿದ್ದರೆ ಅದರ ಸಾರ ಬಹಳ ಕಟುವಾಗಿರುತ್ತದೆ. ಅರ್ಧಕ್ಕರ್ಧ ಸಾದಾ ಕೋಳಿ ಸಾರ ಬೆರೆಸಿಕೊಳ್ಳಿ.

ಮಿಕ್ಕ ಸೂಪನ್ನು ದೊಡ್ಡ ಪಾತ್ರೆಯಲ್ಲೇ ಬಿಡದೆ ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಸುರಿದು ಬೇಗ ಫ್ರಿಜ್ಜಿಗಿಡಿ. ಮಾಂಸ ಈಗಾಗಲೇ ಎರಡು ದಿನ ಫ್ರಿಜ್ಜಿನಲ್ಲಿದ್ದರೆ ಸೂಪನ್ನು ಮರುದಿನವೇ ಮುಗಿಸುವುದು ಒಳ್ಳೆಯದು. ಫ್ರೀಜ್ ಮಾಡುವ ಆಲೋಚನೆಯಿದ್ದರೆ ಕ್ರೀಮ್ ಸೇರಿಸುವ ಮೊದಲೇ ಅಷ್ಟು ಭಾಗವನ್ನು ಬೇರೆ ತೆಗೆದಿಡಿ, ಇಲ್ಲದಿದ್ದರೆ ಕರಗಿಸಿದಾಗ ಕ್ರೀಮ್ ಒಡೆದಂತೆ ಕಾಣುತ್ತದೆ. ಡಬ್ಬಿಯನ್ನು ಕಂಠದವರೆಗೆ ತುಂಬದೆ ಒಂದು ಬೆರಳಷ್ಟು ಜಾಗ ಬಿಟ್ಟು, ಮೇಲೆ ತಾರೀಖು ಬರೆದು, ಮೂರು ತಿಂಗಳೊಳಗೆ ಬಳಸಿ.