ಪೋರ್ಟ್ ಬ್ಲೇರ್‌ನಲ್ಲಿ ಹೊಸದಾಗಿ ತೆರೆದ ಹೋಟೆಲಿನಲ್ಲಿ ತಂದೆ-ತಾಯಿಯೊಂದಿಗೆ ಉಳಿಯಬಹುದೇ?

ವಯಸ್ಸಾದ ತಂದೆ-ತಾಯಿ, ಮಾರ್ಚ್ ತಿಂಗಳು, ಪೇಟೆಯ ನಡುವೆ ಈಗಷ್ಟೇ ಬಾಗಿಲು ತೆರೆದ ಹೋಟೆಲು, ಅದರ ಆರಂಭದ ರಿಯಾಯಿತಿ. ತಾಯಿಗೆ ಮಂಡಿ ನೋವು, ನಾಲ್ಕೂ ರಾತ್ರಿ ಅಲ್ಲೇ ಉಳಿಯುವ ಯೋಜನೆ, ಹೊಸದೆಂದರೆ ಸ್ವಚ್ಛ, ಆದರೂ ಹೊಸದನ್ನು ಹಿಡಿಯಲೋ ಹಳೆಯದನ್ನೋ ಎಂದು ನೀವು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿದಾಗ ಯಾರೋ ನನ್ನದೇ ಹಳೆಯ ಪತ್ರವನ್ನು ನನಗೆ ಓದಿ ಹೇಳಿದಂತಾಯಿತು. 2023ರ ಮಾರ್ಚ್‌ನಲ್ಲಿ ನಾನು ಇವಿಷ್ಟನ್ನೂ ಒಟ್ಟು ಮಾಡಿಕೊಂಡು ಬೆಂಗಳೂರಿನಿಂದ ವಿಮಾನ ಹತ್ತಿದ್ದೆ. ಅಂಡಮಾನಿನ ರಾಜಧಾನಿಯಾದ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಎಂಬ ಹೆಸರು ಬಂದಿದೆ. ನಾನು ಹೋದಾಗ ಇದ್ದ ಹೆಸರನ್ನೇ ಇಲ್ಲಿ ಬಳಸುತ್ತೇನೆ.

ನಾವು ನಾಲ್ವರು: ಅಪ್ಪ, ಅಮ್ಮ, ನನ್ನ ಹೆಂಡತಿ ಮತ್ತು ನಾನು. ಅಮ್ಮನಿಗೆ ಎರಡೂ ಮಂಡಿಗಳಲ್ಲಿ ನೋವು. ದ್ವೀಪದಿಂದ ದ್ವೀಪಕ್ಕೆ ಸಾಮಾನು ಹೊತ್ತು ಅಲೆಯುವುದು ಬೇಡ, ಪೋರ್ಟ್ ಬ್ಲೇರ್‌ನಲ್ಲೇ ನಾಲ್ಕು ರಾತ್ರಿ ಒಂದೇ ಕಡೆ ಉಳಿದು ಹ್ಯಾವ್‌ಲಾಕ್ ದ್ವೀಪಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರೋಣ ಎಂದು ನಾನೇ ತೀರ್ಮಾನಿಸಿದ್ದೆ. ಎರಡು ಕೋಣೆಗಳು ಬೇಕಿದ್ದವು. ಹೊಸ ಹೋಟೆಲಿನಲ್ಲಿ ಎರಡು ದರಗಳಿದ್ದವು: ಅಲ್ಲಿಗೆ ಹೋದ ಮೇಲೆ ಹಣ ಕೊಡುವುದಾದರೆ ಕೋಣೆಗೆ ರಾತ್ರಿಗೆ 4,200 ರೂಪಾಯಿ, ಈಗಲೇ ಪೂರ್ತಿ ಕಟ್ಟಿ, ಯಾವ ಕಾರಣಕ್ಕೂ ಹಣ ವಾಪಸು ಕೇಳುವುದಿಲ್ಲ ಎಂದು ಒಪ್ಪಿದರೆ 3,400 ರೂಪಾಯಿ. ಎರಡು ಕೋಣೆ, ನಾಲ್ಕು ರಾತ್ರಿ, ಒಟ್ಟು 6,400 ರೂಪಾಯಿ ಉಳಿತಾಯ. ನಾನು ಕೂತಲ್ಲೇ 27,200 ಕಟ್ಟಿಬಿಟ್ಟೆ. ಚಿತ್ರಗಳನ್ನು ಮಾತ್ರ ಹತ್ತು ಸಲ ನೋಡಿದ್ದೆ. ಹಾಸಿಗೆಯ ಮೇಲೆ ಒಂದು ಸುಕ್ಕಿರಲಿಲ್ಲ, ಕನ್ನಡಿಯಲ್ಲಿ ಫೋಟೋ ತೆಗೆಯುವವನ ಪ್ರತಿಬಿಂಬವಿರಲಿಲ್ಲ, ಕಿಟಕಿಯಾಚೆಯ ಸಮುದ್ರ ಎಲ್ಲ ಕೋಣೆಗಳಿಂದಲೂ ಒಂದೇ ಥರ ಕಾಣುತ್ತಿತ್ತು. ಅವು ಫೋಟೋಗಳಲ್ಲ, ಕಟ್ಟಡ ಏಳುವ ಮೊದಲೇ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಗಳು ಎಂದು ಹೊಳೆದದ್ದು ಅಲ್ಲಿಗೆ ಹೋದ ಮೇಲೆ.

ಹೋಟೆಲು ಕೆಟ್ಟದಾಗಿರಲಿಲ್ಲ, ಮುಗಿದಿರಲಿಲ್ಲ ಅಷ್ಟೆ. ಲಿಫ್ಟಿನ ಒಳಗೋಡೆಗಳಿಗೆ ರಟ್ಟಿನ ಹಾಳೆಗಳನ್ನು ಟೇಪಿನಿಂದ ಅಂಟಿಸಿದ್ದರು. ನಮ್ಮ ಕೋಣೆ ನಾಲ್ಕನೆಯ ಮಹಡಿಯಲ್ಲಿ. ಬಚ್ಚಲಿನ ಕನ್ನಡಿಯ ಮೇಲಿನ ನೀಲಿ ಪ್ಲಾಸ್ಟಿಕ್ ಪೊರೆಯನ್ನು ಒಂದು ಮೂಲೆಯಲ್ಲಿ ಮಾತ್ರ ಎಬ್ಬಿಸಿ ಬಿಟ್ಟಿದ್ದರು. ಮುಖ ನೋಡಿಕೊಳ್ಳಬೇಕಾದರೆ ಆ ಮೂಲೆಗೆ ಬಾಗಬೇಕಿತ್ತು. ಬಣ್ಣದ ವಾಸನೆ ಎಷ್ಟಿತ್ತೆಂದರೆ ಅಮ್ಮ ಕಿಟಕಿ ತೆರೆದಳು, ತೆರೆದದ್ದಕ್ಕೆ ಪಕ್ಕದ ಜನರೇಟರಿನ ಹೊಗೆ ಬಂತು, ಮತ್ತೆ ಮುಚ್ಚಿದಳು. ಅಂಡಮಾನಿಗೆ ಮುಖ್ಯ ಭೂಭಾಗದಿಂದ ವಿದ್ಯುತ್ ತಂತಿ ಬರುವುದಿಲ್ಲ. ಅಲ್ಲಿಯ ಕರೆಂಟಿನ ಬಹುಪಾಲು ಡೀಸೆಲ್ ಸುಟ್ಟು ಬರುವಂಥದ್ದು. ಅದು ಹೋದರೆ ಹೋಟೆಲಿನವರು ತಮ್ಮದೇ ಡೀಸೆಲ್ ಸುಡುತ್ತಾರೆ. ಮೊದಲ ರಾತ್ರಿ ಒಂಬತ್ತಕ್ಕೆ ಕರೆಂಟು ಹೋಗಿ, ಜನರೇಟರು ಶುರುವಾಗಿ, ಮತ್ತೆ ಕರೆಂಟು ಬರುವಷ್ಟರಲ್ಲಿ ಲಿಫ್ಟು ಕೆಟ್ಟು ನಿಂತಿತು. ಸರಿಪಡಿಸುವವನು ಚೆನ್ನೈನಿಂದ ಬರಬೇಕು, ಬೇಕಾದ ಭಾಗ ಹಡಗಿನಲ್ಲಿ ಬರುವುದಾದರೆ ಸಮುದ್ರದ ಮೇಲೇ ಸುಮಾರು ಮೂರು ದಿನ ಎಂದು ರಿಸೆಪ್ಷನ್ನಿನಲ್ಲಿದ್ದ ಹುಡುಗ ವಿವರಿಸಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನೇ ಅಮ್ಮನ ಕೈಹಿಡಿದು ನಾಲ್ಕು ಮಹಡಿ ಹತ್ತಿಸಿದ, ಪ್ರತಿ ಮಹಡಿಯಲ್ಲೂ ಕುರ್ಚಿ ತಂದಿಟ್ಟ.

ಮರುದಿನ ಹ್ಯಾವ್‌ಲಾಕ್. ಖಾಸಗಿ ದೋಣಿಯಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಾದರೆ ಎರಡರಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ಬೆಳಗಿನ ದೋಣಿ ಹಿಡಿಯಲು ಐದು ಗಂಟೆಗೆಲ್ಲ ಅಮ್ಮ ಮೆಟ್ಟಿಲಿಳಿದಳು. ಅಲ್ಲಿಯ ರಾಧಾನಗರ ಕಡಲತೀರ ಚೆನ್ನಾಗಿದೆ, ಅದರ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಸಂಜೆ ಉಪ್ಪು ಮೆತ್ತಿದ ಮೈಯಲ್ಲಿ, ಕಿವಿಯೊಳಗೂ ಮರಳು ತುಂಬಿಕೊಂಡು ವಾಪಸು ಬಂದು, ಅಮ್ಮನನ್ನು ಮತ್ತೆ ಮೆಟ್ಟಿಲು ಹತ್ತಿಸಿ, ನಲ್ಲಿ ತಿರುಗಿಸಿದರೆ ಮೊದಲು ಬುಸುಗುಟ್ಟುವ ಸದ್ದು, ನಂತರ ಸಿಮೆಂಟಿನ ಬಣ್ಣದ ನಾಲ್ಕು ಹನಿ, ಆಮೇಲೆ ಅದೂ ಇಲ್ಲ. ಅಪ್ಪ ನಲ್ಲಿಯ ಕೆಳಗೆ ಅಂಗೈ ಹಿಡಿದು, "ಇದು ಗಾಳಿ ಮಾರಾಯ, ನೀರಲ್ಲ," ಎಂದರು. ಬಚ್ಚಲಿನಲ್ಲಿ ತಟ್ಟೆಯಗಲದ ಶವರ್ ಇತ್ತು. ಬಕೆಟ್ ಇರಲಿಲ್ಲ. ಹೊಸ ಹೋಟೆಲುಗಳಲ್ಲಿ ಬಕೆಟ್ ಇಡುವುದು ಮರ್ಯಾದೆಗೆ ಕಡಿಮೆಯಂತೆ.

ಸುತ್ತ ಸಮುದ್ರ, ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಆದರೂ ನೀರಿಲ್ಲ ಎಂದರೆ ಬಯಲುಸೀಮೆಯವರು ನಂಬಲಿಕ್ಕಿಲ್ಲ. ತೀರ್ಥಹಳ್ಳಿ ಕಡೆಯವರಾದ ಅಪ್ಪನಿಗೆ ವಿವರಿಸಬೇಕಾಗಲಿಲ್ಲ. ಗುಡ್ಡದ ಊರಿನಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ. ಆಷಾಢದಲ್ಲಿ ಅಂಗಳದಲ್ಲೇ ಹೊಳೆ ಹರಿಸಿಕೊಂಡ ಮನೆಯವರೇ ಮಾರ್ಚ್‌ನಲ್ಲಿ ಬಾವಿಯ ತಳ ನೋಡುತ್ತಾರೆ. ಪೋರ್ಟ್ ಬ್ಲೇರ್ ಕೂಡ ಹಾಗೆಯೇ ಗುಡ್ಡಗಳ ಮೇಲೆ ಕೂತ ಊರು, ಮಳೆ ನೇರ ಸಮುದ್ರಕ್ಕೆ ಇಳಿದುಬಿಡುತ್ತದೆ. ಊರಿಗೆ ಮುಖ್ಯವಾಗಿ ನೀರು ಕೊಡುವುದು ಧನಿಖಾರಿ ಅಣೆಕಟ್ಟು. ಜನವರಿಯಿಂದ ಏಪ್ರಿಲಿನವರೆಗೆ ಮಳೆ ತೀರಾ ಕಡಿಮೆ, ಆಗ ನಲ್ಲಿಗೆ ನೀರು ದಿನ ಬಿಟ್ಟು ದಿನ, ಕೆಲವು ವರ್ಷ ಅದಕ್ಕಿಂತಲೂ ಅಪರೂಪಕ್ಕೆ ಬರುತ್ತದೆ. ಅಲ್ಲಿಯ ಹಳಬರು ಅದಕ್ಕೆ ತಕ್ಕಂತೆ ಸಂಪು ಕಟ್ಟಿದ್ದಾರೆ, ಟ್ಯಾಂಕರಿನವನ ಜೊತೆ ವರ್ಷಗಟ್ಟಲೆಯ ಲೆಕ್ಕ ಇಟ್ಟುಕೊಂಡಿದ್ದಾರೆ. ನಮ್ಮ ಹೋಟೆಲು ತೆರೆದು ಐದು ವಾರವಾಗಿತ್ತು, ಅಂದರೆ ಅದು ಇನ್ನೂ ಒಂದು ಬೇಸಿಗೆಯನ್ನೂ ಕಂಡಿರಲಿಲ್ಲ. ಎಲ್ಲ ಕೋಣೆಗಳೂ ತುಂಬಿದ ಮೊದಲ ವಾರಾಂತ್ಯದಲ್ಲೇ ಸಂಪು ಬರಿದಾಯಿತು, ಹೊಸ ಗಿರಾಕಿಗೆ ಟ್ಯಾಂಕರಿನವನು ಕೊನೆಯ ಸರದಿ ಕೊಟ್ಟ.

ರಾತ್ರಿ ಹನ್ನೊಂದಕ್ಕೆ ಇಪ್ಪತ್ತು ಲೀಟರಿನ ಎರಡು ಕುಡಿಯುವ ನೀರಿನ ಕ್ಯಾನುಗಳು ಬಂದವು. ನಾವು ನಾಲ್ವರು ಅದರಲ್ಲೇ ಉಪ್ಪು ತೊಳೆದುಕೊಂಡೆವು. ಬೆಳಿಗ್ಗೆ ಮ್ಯಾನೇಜರನ್ನು ಕಂಡು, ಉಳಿದ ಎರಡು ರಾತ್ರಿಗಳ ಹಣ ಕೊಡಿ, ಹೊರಡುತ್ತೇವೆ ಎಂದೆ. ಹಣ ನಮಗೆ ಇನ್ನೂ ಬಂದಿಲ್ಲ, ಬುಕಿಂಗ್ ಆ್ಯಪಿನವರನ್ನು ಕೇಳಿ ಎಂದರು. ಆ್ಯಪಿನವರಿಗೆ ಫೋನು ಮಾಡಿದರೆ, ಹೋಟೆಲಿನವರು ಒಪ್ಪಿದರೆ ಕೊಡುತ್ತೇವೆ ಎಂದರು. ಇವರು ಅವರತ್ತ, ಅವರು ಇವರತ್ತ ಕೈ ತೋರಿಸುತ್ತಲೇ ಒಂದು ಬೆಳಗು ಕಳೆಯಿತು. ಅಂಡಮಾನಿನಲ್ಲಿ ನಮಗಿದ್ದದ್ದೇ ಮೂರೂವರೆ ದಿನ.

ಈಗ ನನ್ನ ತಪ್ಪಿಗೆ ಬರುತ್ತೇನೆ, ಇದನ್ನು ಸ್ವಲ್ಪ ವಿವರವಾಗಿ ಹೇಳುವುದನ್ನು ಸಹಿಸಿಕೊಳ್ಳಿ. ಹೊಸ ಹೋಟೆಲನ್ನು ಆರಿಸಿದ್ದು ತಪ್ಪಲ್ಲ. ನಾಲ್ಕೂ ರಾತ್ರಿಗಳ ಹಣವನ್ನು ಒಂದೇ ಬುಕಿಂಗಿನಲ್ಲಿ, ಮುಂಗಡವಾಗಿ, ವಾಪಸು ಕೇಳುವ ಹಕ್ಕನ್ನೂ ಬಿಟ್ಟುಕೊಟ್ಟು ಕಟ್ಟಿದ್ದು ತಪ್ಪು. ಎರಡು ಕೋಣೆಗಳ ಎರಡು ರಾತ್ರಿ ಹಾಳಾದವು, 13,600 ರೂಪಾಯಿ. ಅಲ್ಲಿಂದ ಹೊರಟು ಹಿಡಿದ ಬೇರೆ ಲಾಡ್ಜಿಗೆ ಎರಡು ರಾತ್ರಿಗೆ 7,600. ಒಟ್ಟು ಖರ್ಚು 34,800. ಹೆಚ್ಚಿನ ದರಕ್ಕೆ, ಅಲ್ಲೇ ಹಣ ಕೊಡುವ ಕರಾರಿನಲ್ಲಿ ಹೋಗಿದ್ದರೆ ಎರಡು ರಾತ್ರಿಗೆ 16,800 ಕೊಟ್ಟು ಹೊರಬೀಳಬಹುದಿತ್ತು. ಲಾಡ್ಜಿನದು ಸೇರಿ 24,400. ಅವಧಿಗೆ ಮುಂಚೆ ಹೊರಟಿರೆಂದು ಅವರು ಇನ್ನೊಂದು ರಾತ್ರಿಯ ಹಣ ಹಿಡಿದುಕೊಂಡರೂ 32,800 ಆಗುತ್ತಿತ್ತು, ಆಗಲೂ ನಾನು ಎರಡು ಸಾವಿರ ಲಾಭದಲ್ಲಿರುತ್ತಿದ್ದೆ. ಈ ಲೆಕ್ಕವನ್ನು ವಿಮಾನದಲ್ಲಿ ವಾಂತಿಚೀಲದ ಹಿಂಬದಿಯಲ್ಲಿ ಬರೆದಿದ್ದೆ. ಹೆಂಡತಿ ಅದನ್ನು ಕಿತ್ತುಕೊಂಡು ಸೀಟಿನ ಜೇಬಿಗೆ ತುರುಕಿದಳು. ಹಣಕ್ಕಿಂತ ಹೆಚ್ಚಾಗಿ, ಹಣ ನಮ್ಮ ಜೇಬಿನಲ್ಲಿದ್ದರೆ ಮ್ಯಾನೇಜರು ಆಡುವ ಮಾತೇ ಬೇರೆಯಾಗಿರುತ್ತಿತ್ತು. ನಾನು ಗಲಾಟೆ ಮಾಡುತ್ತಿದ್ದ ಹೊತ್ತಿನಲ್ಲೇ, ಮುಂಗಡ ಕಟ್ಟಿರದ ಕೋಲ್ಕತ್ತಾದ ಒಂದು ಕುಟುಂಬಕ್ಕೆ ನೆಲಮಹಡಿಯ ಕೋಣೆ ಸಿಕ್ಕಿತು, ಹೊರಗಿನಿಂದ ತುಂಬಿಸಿ ತಂದ ಡ್ರಮ್ಮೂ ಸಿಕ್ಕಿತು. ಮುಂಗಡ ಕಟ್ಟಿದ ನಾವು ಎಲ್ಲಿಗೂ ಹೋಗುವವರಲ್ಲ ಎಂದು ಅವರಿಗೆ ಗೊತ್ತಿತ್ತು.

ನಾವು ಹೋಗಿ ಸೇರಿದ್ದು ಅಬರ್ಡೀನ್ ಬಜಾರಿನ ಒಂದು ಹಳೆಯ ಲಾಡ್ಜಿಗೆ. ಗೋಡೆಯಲ್ಲಿ ತೇವದ ಕಲೆ, ಮಂಚ ಕಿರುಗುಟ್ಟುತ್ತಿತ್ತು, ಟಿವಿ ಇದ್ದೂ ಇಲ್ಲದಂತೆ. ಆದರೆ ಬಚ್ಚಲಿನಲ್ಲಿ ಅಂಚಿನವರೆಗೆ ತುಂಬಿಸಿ ಮುಚ್ಚಳ ಮುಚ್ಚಿದ ದೊಡ್ಡ ಡ್ರಮ್ಮು, ಪಕ್ಕದಲ್ಲಿ ಕೆಂಪು ಬಕೆಟ್, ಬಕೆಟಿನ ಕಿವಿಗೆ ನೇತುಹಾಕಿದ ಮಗ್. ಬೆಳಗಿನ ಜಾವ ನಾಲ್ಕಕ್ಕೆ ಒಬ್ಬ ಮುದುಕ ಕೆಳಗೆ ಪಂಪು ಹಾಕಿ, ನೀರು ತುಂಬುವವರೆಗೂ ಬೀಡಿ ಸೇದುತ್ತ ಕೂರುತ್ತಿದ್ದ. ಅಮ್ಮ ಡ್ರಮ್ಮಿನ ಮುಚ್ಚಳ ಎತ್ತಿ ನೋಡಿ, ಮುಚ್ಚಿ, ಮೊದಲ ಸಲ ನಕ್ಕಳು. ಅಲ್ಲಿಂದ ಸೆಲ್ಯುಲಾರ್ ಜೈಲಿಗೆ ಆಟೋದಲ್ಲಿ ಕೆಲವೇ ನಿಮಿಷ. 1906ರಲ್ಲಿ ಕಟ್ಟಿ ಮುಗಿಸಿದ ಆ ಜೈಲಿನ ಏಳು ಪಾರ್ಶ್ವಗಳಲ್ಲಿ ಈಗ ಉಳಿದಿರುವುದು ಮೂರು. ಅಪ್ಪ ಒಂದೊಂದು ಕೋಣೆಯ ಬಾಗಿಲಲ್ಲೂ ನಿಂತು ನೋಡಿದರು, ನಾವು ಹೊರಗೆ ಬಿಸಿಲಲ್ಲಿ ಕಾದೆವು.

ಹಾಗಾಗಿ ಹೊಸದೋ ಹಳೆಯದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೊಸದೆಂದರೆ ಸ್ವಚ್ಛ ಎಂದು ನೀವು ಬರೆದಿದ್ದೀರಿ. ಬೆಂಗಳೂರಿನಲ್ಲಿ ಅದು ನಿಜವಿರಬಹುದು. ದ್ವೀಪದಲ್ಲಿ ಸ್ವಚ್ಛತೆ ನೀರಿನ ಮೇಲೆ ನಿಂತಿದೆ, ಕಟ್ಟಡದ ವಯಸ್ಸಿನ ಮೇಲಲ್ಲ. ಹೋಟೆಲಿಗೆ ನೇರ ಫೋನು ಮಾಡಿ, ನೀವು ಒಂದು ಬೇಸಿಗೆ ಕಳೆದಿದ್ದೀರಾ ಎಂದು ಕೇಳಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ದೊಡ್ಡದು ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಫೋನು ಇಟ್ಟುಬಿಡಿ. "ಸಮುದ್ರ ಕಾಣುತ್ತದೆ" ಎಂಬುದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಪೇಟೆಯಿಂದ ಕಾಣುವುದು ಹೆಚ್ಚಾಗಿ ಬಂದರು. ಸ್ನಾನಕ್ಕಿಳಿಯುವ ತೀರ ಬೇಕಾದರೆ ಆರೇಳು ಕಿಲೋಮೀಟರ್ ದೂರದ ಕಾರ್ಬಿನ್ಸ್ ಕೋವ್‌ಗೇ ಹೋಗಬೇಕು. ಮೇಲಾಗಿ ಗಡಿಯಾರ ನಮ್ಮದೇ ಆದರೂ ಊರು ಬಹಳ ಪೂರ್ವಕ್ಕಿರುವುದರಿಂದ ಮಾರ್ಚ್‌ನಲ್ಲೂ ಐದೂವರೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ನೋಟಕ್ಕೆ ಕೊಟ್ಟ ಹಣ ಕತ್ತಲಲ್ಲಿ ಹೋಗುತ್ತದೆ. ಕತ್ತಲಾದ ಮೇಲೆ ಹಿರಿಯರು ಕೋಣೆಯಲ್ಲೇ ಇರುತ್ತಾರೆ, ಆಗ ಬೇಕಾಗುವುದು ಫ್ಯಾನು, ನೀರು, ಹತ್ತಿರದಲ್ಲೊಂದು ಇಡ್ಲಿ ಸಿಗುವ ಜಾಗ. ಬಜಾರಿನ ಸುತ್ತ ತಮಿಳರ ಮೆಸ್ಸುಗಳಿವೆ. ಅಲ್ಲಿಯ ರಸಂ ನಮ್ಮ ಸಾರಿಗೆ ಸಮವಲ್ಲ ಎಂದು ಅಮ್ಮ ಹೇಳಿದರೂ ಎರಡು ಸಲ ಹಾಕಿಸಿಕೊಂಡಳು.

ನಾಲ್ಕೂ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಎಂಬ ಯೋಜನೆಯನ್ನೂ ಬಿಡಿ. ಬಂದ ದಿನ ಒಂದು ರಾತ್ರಿ, ಹ್ಯಾವ್‌ಲಾಕ್‌ನಲ್ಲಿ ಎರಡು, ವಿಮಾನದ ಹಿಂದಿನ ದಿನ ವಾಪಸು ಬಂದು ಇಲ್ಲಿ ಮತ್ತೊಂದು. ಸಮುದ್ರ ಕೆರಳಿದರೆ ದೋಣಿಗಳನ್ನು ರದ್ದು ಮಾಡುತ್ತಾರೆ, ಆದ್ದರಿಂದ ದೋಣಿ ಇಳಿದ ದಿನವೇ ವಿಮಾನ ಹತ್ತುವ ಸಾಹಸ ಬೇಡ. ಒಂದೇ ಕಡೆ ಇದ್ದರೆ ಅಮ್ಮನಿಗೆ ಸುಖ ಎಂದು ನಾನೂ ನಂಬಿದ್ದೆ, ಆದರೆ ಒಂದೇ ದಿನದಲ್ಲಿ ಹೋಗಿಬಂದದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಆಯಾಸ ತಂದಿತು. ಆ ಹೊಸ ಹೋಟೆಲೇ ಬೇಕೆಂದಿದ್ದರೆ ಮೊದಲ ರಾತ್ರಿಗಷ್ಟೇ, ಅಲ್ಲೇ ಹಣ ಕೊಡುವ ಕರಾರಿನಲ್ಲಿ ಹಿಡಿಯಿರಿ, ಸರಿಯಿದ್ದರೆ ಕೊನೆಯ ರಾತ್ರಿಗೂ ಅಲ್ಲಿಗೇ ಬನ್ನಿ.

ನಿಮ್ಮ ತಾಯಿಯವರಿಗೂ ಮಂಡಿ ನೋವೆಂದು ಬರೆದಿದ್ದೀರಿ. ಲಿಫ್ಟ್ ಇದೆಯೇ ಎಂದು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. ನೆಲಮಹಡಿಯ ಕೋಣೆ, ಬಚ್ಚಲಿನಲ್ಲಿ ಬಕೆಟ್, ಇವೆರಡನ್ನೂ ಬರೆದು ಕಳಿಸಲು ಹೇಳಿ. ರಿಯಾಯಿತಿಯ ಬುಕಿಂಗ್ ಈಗಾಗಲೇ ಮಾಡಿದ್ದರೆ ಅದರ ಕರಾರನ್ನು ಇವತ್ತೇ ತೆರೆದು ನೋಡಿ; ಕೆಲವದರಲ್ಲಿ ಮೊದಲ ಇಪ್ಪತ್ನಾಲ್ಕು ಗಂಟೆಯೊಳಗೆ ರದ್ದು ಮಾಡಲು ಅವಕಾಶವಿರುತ್ತದೆ.